ವಿಚಿತ್ರವಾದ, ಹುರುಪು ಕೊಡುವ ಫೋಟೊ ಸರಣಿಗಳು ಎಲ್ಲಿ ಸಿಗುತ್ತವೆ? ಅಲೆದು ನೋಡಿ ಮಾಡಿದ ಹೋಲಿಕೆ

ಇನ್‌ಸ್ಟಾಗ್ರಾಮ್‌ನಲ್ಲಿ ಚಿಕ್ಕಬಳ್ಳಾಪುರ ಅಂತ ಹುಡುಕಿ ನೋಡಿ. ನಂದಿ ಬೆಟ್ಟದ ಮಂಜು, ನಂದಿ ಬೆಟ್ಟದ ಸೂರ್ಯೋದಯ, ಆದಿಯೋಗಿ ಪ್ರತಿಮೆಯ ಮುಂದೆ ನಿಂತವರು, ಮತ್ತೆ ನಂದಿ ಬೆಟ್ಟದ ಮಂಜು. ಒಂದೊಂದೂ ಚೆನ್ನಾಗಿಯೇ ಇದೆ. ಆದರೆ ಎಷ್ಟು ನೋಡಿದರೂ ನಾಳೆ ಬೆಳಿಗ್ಗೆ ನಾವು ಏನು ತೆಗೆಯಬೇಕು ಅನ್ನೋದು ಹೊಳೆಯೋದಿಲ್ಲ.

ಶಿಡ್ಲಘಟ್ಟದಲ್ಲಿ ನಾವು ಕೆಲವರು ಸ್ನೇಹಿತರು ಭಾನುವಾರ ಸುತ್ತಮುತ್ತಲ ಹಳ್ಳಿಗಳಿಗೆ ಫೋಟೊ ತೆಗೆಯಲು ಹೋಗುತ್ತೇವೆ. ಇಬ್ಬರ ಹತ್ತಿರ ಕ್ಯಾಮೆರಾ ಇದೆ, ಉಳಿದವರದ್ದು ಫೋನು. ನಮಗೆ ಬೇಕಾಗಿದ್ದದ್ದು ಒಂದು ವಿಚಾರ ಹಿಡಿದು, ತನಗೆ ತಾನೇ ಒಂದು ನಿಯಮ ಹಾಕಿಕೊಂಡು, ವರ್ಷಗಟ್ಟಲೆ ಬಿಡದೆ ಮಾಡಿದವರ ಕೆಲಸ. ಅದಕ್ಕೇ ಬೇರೆ ಬೇರೆ ಜಾಗಗಳನ್ನು ಒಂದೇ ಅಳತೆಗೋಲಿನಲ್ಲಿ ನೋಡಿದೆ. ಸರಣಿ ಪೂರ್ತಿ ಸಿಗುತ್ತದಾ? ತೆಗೆದವರು ಯಾರು, ಯಾವ ನಿಯಮ ಇಟ್ಟುಕೊಂಡಿದ್ದರು ಅಂತ ಗೊತ್ತಾಗುತ್ತದಾ? ಎಲ್ಲಕ್ಕಿಂತ ಮುಖ್ಯ, ನೋಡಿದ ಮೇಲೆ ಎದ್ದು ಹೊರಗೆ ಹೋಗಬೇಕು ಅನ್ನಿಸುತ್ತದಾ?

ಇನ್‌ಸ್ಟಾಗ್ರಾಮ್‌ನಿಂದಲೇ ಶುರು ಮಾಡೋಣ, ಎಲ್ಲರ ಫೋನಿನಲ್ಲೂ ಇರೋದು ಅದೇ. ಅದು ತಾನಾಗಿ ತಂದು ತೋರಿಸುವುದನ್ನು ನಂಬಿಕೊಂಡರೆ ಮಂಜು ಮಾತ್ರ ಸಿಗುತ್ತದೆ. 2016ರಲ್ಲಿ ಫೋಟೊಗಳು ಹಾಕಿದ ಕ್ರಮದಲ್ಲಿ ಬರುವುದು ನಿಂತು, ನಮಗೆ ಏನು ಇಷ್ಟವಾಗಬಹುದು ಅನ್ನೋ ಲೆಕ್ಕದಲ್ಲಿ ಬರಲು ಶುರುವಾಯಿತು. ಹಾಗಾಗಿ ಒಂದು ಸರಣಿಯ ಮೊದಲನೆಯದು, ಎರಡನೆಯದು ಅಂತ ಓದಿಕೊಂಡು ಹೋಗೋದು ಕಷ್ಟ. ಆದರೆ ಹೆಸರು ಹಿಡಿದು ಹುಡುಕಿದರೆ ಬೇರೆಯೇ ಲೋಕ ತೆರೆಯುತ್ತದೆ. ‘ಎವೆರಿಡೇ ಆಫ್ರಿಕಾ’ ನೋಡಿ. ಪೀಟರ್ ಡಿಕ್ಯಾಂಪೊ ಮತ್ತು ಆಸ್ಟಿನ್ ಮೆರಿಲ್ 2012ರಲ್ಲಿ ಐವರಿ ಕೋಸ್ಟ್‌ನಲ್ಲಿ ವರದಿ ಮಾಡುತ್ತಿದ್ದಾಗ ಶುರು ಮಾಡಿದ್ದು ಇದು. ಆಫ್ರಿಕಾ ಅಂದರೆ ಹೊರಗಿನವರಿಗೆ ಯುದ್ಧ, ಹಸಿವು ಇಷ್ಟೇ ಕಾಣುತ್ತದೆ. ಅವರು ಫೋನು ತೆಗೆದು ದಿನನಿತ್ಯದ ಬದುಕು ತೆಗೆಯತೊಡಗಿದರು: ಬಸ್ಸಿಗೆ ಕಾಯುವವರು, ಶಾಲೆಯಿಂದ ಬರುವ ಮಕ್ಕಳು, ಸಲೂನು. ಆಮೇಲೆ ಇದನ್ನು ನೋಡಿ ಎಷ್ಟೋ ಊರುಗಳವರು ತಮ್ಮದೇ ‘ಎವೆರಿಡೇ’ ಶುರು ಮಾಡಿದರು. ಬರೀ ಫೋನಿನಲ್ಲಿ ತೆಗೆದ, ಸದ್ದುಗದ್ದಲವಿಲ್ಲದ ಚಿತ್ರಗಳು ಇಷ್ಟು ಕೆಲಸ ಮಾಡುತ್ತವೆ ಅನ್ನೋದು ನಮ್ಮ ಗುಂಪಿನಲ್ಲಿ ಫೋನಿನವರಿಗೆ ದೊಡ್ಡ ಧೈರ್ಯ ಕೊಟ್ಟಿತು.

ಅಲ್ಲೇ ಸಿಕ್ಕ ಇನ್ನೊಂದು, ನನ್ನ ಮನಸ್ಸಿಗೆ ತುಂಬಾ ಹತ್ತಿರವಾದದ್ದು, ಜಾಕಿ ಕೆನಿ ಅವರ ಕೆಲಸ. ನ್ಯೂಜಿಲೆಂಡಿನವರು, ಇದ್ದದ್ದು ಲಂಡನ್ನಿನಲ್ಲಿ. ಹೊರಗೆ ಹೋಗುವುದಕ್ಕೇ ಭಯ ಹುಟ್ಟಿಸುವ ಕಾಯಿಲೆ ಅವರಿಗಿತ್ತು. ವಿಮಾನ ಹತ್ತೋದು ದೂರದ ಮಾತು, ಅಂಗಡಿಗೆ ಹೋಗಿ ಬರುವುದೂ ಕಷ್ಟ. ಮನೆಯಲ್ಲೇ ಕೂತು ಗೂಗಲ್ ಸ್ಟ್ರೀಟ್ ವ್ಯೂನಲ್ಲಿ ಮಂಗೋಲಿಯ, ಪೆರು, ಸೆನೆಗಲ್ ದೇಶಗಳ ಬೀದಿಗಳನ್ನು ಸುತ್ತಿದರು. ಕಾರಿನ ಮೇಲಿನ ಯಂತ್ರ ತೆಗೆದುಕೊಂಡು ಹೋದ ಲಕ್ಷಾಂತರ ನೋಟಗಳಲ್ಲಿ ಒಂದೊಂದನ್ನು ಆರಿಸಿ, ಚೌಕಟ್ಟು ಕೂಡಿಸಿದರು. ತಿಳಿಬಣ್ಣದ ಗೋಡೆ, ಮರಳುಗಾಡಿನಲ್ಲಿ ಒಂಟಿ ಮರ, ಬೀದಿ ದಾಟುತ್ತಿರುವ ನಾಯಿ. ಕ್ಯಾಮೆರಾವನ್ನೇ ಮುಟ್ಟದೆ ಮಾಡಿದ ಫೋಟೊಗ್ರಫಿ ಇದು. ಒಳ್ಳೆ ಕ್ಯಾಮೆರಾ ಇಲ್ಲ, ಓಡಾಡೋಕೆ ಆಗಲ್ಲ ಅಂತ ಕೂತವರಿಗೆ ಇದನ್ನು ಮೊದಲು ತೋರಿಸಬೇಕು.

ಇಷ್ಟವಾದ ಚಿತ್ರಗಳನ್ನು ‘ಬೋರ್ಡು’ಗಳಲ್ಲಿ ಕೂಡಿಸಿಟ್ಟುಕೊಳ್ಳುವ ತಾಣ ಪಿಂಟರೆಸ್ಟ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಬಣ್ಣ, ಬೆಳಕು, ನಿಲ್ಲಿಸುವ ಭಂಗಿ ಇಂಥದ್ದಕ್ಕೆ ಚೆನ್ನಾಗಿದೆ. ಮದುವೆ ಫೋಟೊ ತೆಗೆಯುವವರು ಅದನ್ನು ಇಟ್ಟುಕೊಂಡಿರೋದು ಸುಮ್ನೆ ಅಲ್ಲ. ಆದರೆ ಚಿತ್ರ ಒಬ್ಬರಿಂದ ಒಬ್ಬರ ಬೋರ್ಡಿಗೆ ಹೋಗುತ್ತಾ ಹೋದಂತೆ ತೆಗೆದವರ ಹೆಸರು ಹಿಂದೆ ಉಳಿದುಬಿಡುತ್ತದೆ. ನನ್ನ ಅಳತೆಗೋಲಿಗೆ ಅದು ಆಗಿಬರಲಿಲ್ಲ.

ಫೋಟೊ ಹಂಚಿಕೊಳ್ಳುವ ತಾಣ ಫ್ಲಿಕರ್ 2004ರದ್ದು, ಇಂದಿನ ಹುಡುಗರಲ್ಲಿ ಎಷ್ಟೋ ಜನಕ್ಕೆ ಹೆಸರೂ ಗೊತ್ತಿಲ್ಲ. ನೋಡೋಕೂ ಹಳೇ ಕಾಲದ್ದು ಅನ್ನಿಸುತ್ತದೆ. ಆದರೂ ನಿಧಾನವಾಗಿ ನೋಡುವವರಿಗೆ ಇದಕ್ಕಿಂತ ಒಳ್ಳೆ ಜಾಗ ಕಡಿಮೆ. ಆಲ್ಬಮ್‌ಗಳಿವೆ, ಒಂದೇ ಹುಚ್ಚು ಇರುವವರ ಗುಂಪುಗಳಿವೆ. ಬಾಗಿಲುಗಳನ್ನೇ ತೆಗೆಯುವವರು, ಕೈಬರಹದ ಅಂಗಡಿ ಬೋರ್ಡುಗಳನ್ನೇ ತೆಗೆಯುವವರು ಒಟ್ಟಿಗೆ ಸಿಗುತ್ತಾರೆ. 2008ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಜೊತೆ ಶುರುವಾದ ‘ಕಾಮನ್ಸ್’ ವಿಭಾಗದಲ್ಲಿ ಜಗತ್ತಿನ ಎಷ್ಟೋ ಸಂಗ್ರಹಾಲಯಗಳ ಹಳೇ ಫೋಟೊಗಳು ಇವೆ. ನೋಡಿದವರು ಇದು ಇಂಥ ಊರು, ಇಂಥ ಬೀದಿ ಅಂತ ಕೆಳಗೆ ಬರೆದು ಮಾಹಿತಿ ಸೇರಿಸುತ್ತಾರೆ.

ವಿವಿಯನ್ ಮೇಯರ್ ಜಗತ್ತಿಗೆ ಗೊತ್ತಾದದ್ದರಲ್ಲೂ ಫ್ಲಿಕರ್‌ಗೆ ಪಾಲಿದೆ. ಶಿಕಾಗೊದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದ ಹೆಂಗಸು. ಜೀವನವಿಡೀ ಬೀದಿಯ ಜನರ ಫೋಟೊ ತೆಗೆದರು, ಯಾರಿಗೂ ತೋರಿಸಲಿಲ್ಲ. ಒಂದು ಲಕ್ಷಕ್ಕೂ ಹೆಚ್ಚು ನೆಗೆಟಿವ್. 2007ರಲ್ಲಿ ಜಾನ್ ಮಲೂಫ್ ಅನ್ನುವವರು ಹರಾಜಿನಲ್ಲಿ ಅವರ ನೆಗೆಟಿವ್‌ಗಳಿದ್ದ ಡಬ್ಬ ಕೊಂಡರು. 2009ರಲ್ಲಿ ಫ್ಲಿಕರ್‌ನ ಬೀದಿ ಫೋಟೊಗ್ರಫಿ ಗುಂಪಿನಲ್ಲಿ ‘ಇದನ್ನು ಏನು ಮಾಡಲಿ’ ಅಂತ ಕೇಳಿದರು. ಆ ಪ್ರಶ್ನೆಯ ಕೆಳಗೆ ಜನ ಸೇರುತ್ತಾ ಹೋದರು. ಮೇಯರ್ ಅದೇ ವರ್ಷ ಏಪ್ರಿಲ್‌ನಲ್ಲಿ ತೀರಿಕೊಂಡಿದ್ದರು. ತನ್ನ ಕೆಲಸವನ್ನು ಇಷ್ಟು ಜನ ಪ್ರೀತಿಸುತ್ತಾರೆ ಅಂತ ಅವರಿಗೆ ತಿಳಿಯಲೇ ಇಲ್ಲ. ಇದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಇನ್ನು ಒಂದೇ ವಿಚಾರಕ್ಕೆ ಅಂತಲೇ ಕಟ್ಟಿದ ತಾಣಗಳು. ಇವುಗಳ ಮಜವೇ ಬೇರೆ. ನನಗೆ ಅತಿ ಇಷ್ಟವಾದದ್ದು ‘ಡಾಲರ್ ಸ್ಟ್ರೀಟ್’. ಸ್ವೀಡನ್ನಿನ ಗ್ಯಾಪ್‌ಮೈಂಡರ್ ಸಂಸ್ಥೆಯದ್ದು, ಆನಾ ರೋಸ್ಲಿಂಗ್ ರೋನ್‌ಲುಂಡ್ ಅವರ ಯೋಚನೆ. ಇಡೀ ಜಗತ್ತೇ ಒಂದು ಬೀದಿ, ಮನೆ ನಂಬರು ಅಂದರೆ ಆ ಮನೆಯ ತಿಂಗಳ ಆದಾಯ. ಬಡವರ ಮನೆಗಳು ಬೀದಿಯ ಒಂದು ತುದಿಗೆ, ಸಾಹುಕಾರರದ್ದು ಇನ್ನೊಂದು ತುದಿಗೆ. ಫೋಟೊಗ್ರಾಫರ್‌ಗಳು ಹತ್ತಾರು ದೇಶಗಳ ಮನೆಗಳಿಗೆ ಹೋಗಿ ಹಾಸಿಗೆ, ಬಾಗಿಲು, ಹಲ್ಲುಜ್ಜುವ ಬ್ರಷ್ಷು, ಮಕ್ಕಳ ಆಟಿಕೆ ಎಲ್ಲವನ್ನೂ ತೆಗೆದಿದ್ದಾರೆ. ಒಲೆ ಅಂತ ಆರಿಸಿ ನೋಡಿ. ಮೊದಲು ಮೂರು ಕಲ್ಲು, ಸೌದೆ, ಮಸಿ ಹಿಡಿದ ಪಾತ್ರೆ. ಆಫ್ರಿಕಾದ್ದು, ಭಾರತದ್ದು ಪಕ್ಕಪಕ್ಕದಲ್ಲಿ. ದೇಶದ ಹೆಸರು ಮುಚ್ಚಿದರೆ ಯಾವುದು ಯಾವುದು ಅಂತ ಹೇಳೋಕೆ ಆಗಲ್ಲ. ಮುಂದೆ ಹೋದಂತೆ ಸೌದೆ ಹೋಗಿ ಗ್ಯಾಸ್ ಬರುತ್ತದೆ, ಆಮೇಲೆ ಕರೆಂಟಿನ ಒಲೆ. ಆ ತುದಿಯಲ್ಲಿ ಚೀನಾದ ಅಡುಗೆಮನೆಗೂ ಯುರೋಪಿನದ್ದಕ್ಕೂ ವ್ಯತ್ಯಾಸ ಕಾಣೋದಿಲ್ಲ. ಒಂದು ವಾಕ್ಯ ಓದದೆಯೇ ವಿಷಯ ತಲೆಗೆ ಹೋಗುತ್ತದೆ. ಒಂದು ಫೋಟೊವನ್ನು ಬಿಡಿಯಾಗಿ ಎತ್ತಿ ನೋಡಿದರೆ ಅದರಲ್ಲಿ ವಿಶೇಷವೇನಿಲ್ಲ. ಸಾಲಿನಲ್ಲಿ ಇಟ್ಟಾಗ ಮಾತಾಡುತ್ತದೆ. ಸರಣಿ ಅಂದರೆ ಏನು ಅಂತ ಯಾರಿಗಾದರೂ ಹೇಳಿಕೊಡಬೇಕಾದರೆ ನಾನು ಈ ಒಲೆಗಳನ್ನೇ ತೋರಿಸೋದು.

ನಮ್ಮ ದೇಶದ್ದು ಬೇಕು ಅಂದರೆ ‘ಇಂಡಿಯನ್ ಮೆಮೊರಿ ಪ್ರಾಜೆಕ್ಟ್’ ಇದೆ. ಅನುಷಾ ಯಾದವ್ 2010ರಲ್ಲಿ ಶುರು ಮಾಡಿದ್ದು. ಜನ ತಮ್ಮ ಮನೆಯ ಹಳೇ ಫೋಟೊ, ಅದರ ಹಿಂದಿನ ಕಥೆ ಕಳಿಸುತ್ತಾರೆ. ಅಜ್ಜಿಯ ಮದುವೆ ಫೋಟೊದಿಂದ ದೇಶವಿಭಜನೆಯ ಕಥೆ ಹೊರಗೆ ಬರುತ್ತದೆ. ಇಂಗ್ಲಿಷಿನಲ್ಲಿದೆ ಅನ್ನೋದೊಂದೇ ಕೊರತೆ.

ಆ ಕೊರತೆ ಇಲ್ಲದ್ದು ‘ಪರಿ’. ಪತ್ರಕರ್ತ ಪಿ. ಸಾಯಿನಾಥ್ 2014ರ ಡಿಸೆಂಬರ್‌ನಲ್ಲಿ ಶುರು ಮಾಡಿದ, ಗ್ರಾಮೀಣ ಭಾರತದ ಜನರ ಬದುಕಿನ ಸಂಗ್ರಹ. ಕನ್ನಡದಲ್ಲೂ ಓದಬಹುದು, ದುಡ್ಡು ಕೊಡಬೇಕಾಗಿಲ್ಲ. ಇದರ ‘ಫೇಸಸ್’ ವಿಭಾಗದ ಗುರಿ ದೇಶದ ಪ್ರತಿ ಜಿಲ್ಲೆಯ ಜನರ ಮುಖಗಳನ್ನು ಕೂಡಿಸುವುದು. ಮುಖ, ಹೆಸರು, ಊರು, ಕಸುಬು, ಅಷ್ಟೇ. ಹಳ್ಳಿ ಹೆಂಗಸರ ದುಡಿಮೆಯ ಬಗ್ಗೆ ಸಾಯಿನಾಥ್ 1993ರಿಂದ 2002ರವರೆಗೆ 10 ರಾಜ್ಯಗಳಲ್ಲಿ ತೆಗೆದ ಚಿತ್ರಗಳ ಪ್ರದರ್ಶನವೂ ಅಲ್ಲೇ ಇದೆ. ಅದನ್ನು ಮೊದಲು ಬಸ್ ಸ್ಟ್ಯಾಂಡ್, ಕಾರ್ಖಾನೆ ಗೇಟು, ಹಳ್ಳಿಗಳಲ್ಲೇ ಇಟ್ಟಿದ್ದರಂತೆ. ನೋಡುತ್ತಾ ಹೋದರೆ ಸಗಣಿ ಎತ್ತುವ, ನಾಟಿ ಹಾಕುವ, ಇಟ್ಟಿಗೆ ಹೊರುವ ಹೆಂಗಸರು ನಮ್ಮ ಪಕ್ಕದ ಮನೆಯವರೇ ಅನ್ನಿಸುತ್ತಾರೆ. ವಿಚಿತ್ರ, ತಮಾಷೆ ಇಲ್ಲಿ ಜಾಸ್ತಿ ಸಿಗೋದಿಲ್ಲ. ಆದರೆ ಫೋಟೊ ತೆಗೆಯುವ ಮೊದಲು ಎದುರಿನವರ ಹೆಸರು ಕೇಳಬೇಕು ಅನ್ನೋದನ್ನು ನಮಗೆ ರೂಢಿ ಮಾಡಿಸಿದ್ದು ಈ ತಾಣ.

ಕೊನೆಗೆ ಮ್ಯೂಸಿಯಂಗಳ ತಾಣಗಳು. ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ‘ಮ್ಯಾಪ್’ (ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೊಗ್ರಫಿ) ಕಟ್ಟಡ 2023ರಲ್ಲಿ ತೆರೆಯಿತು, ಅದಕ್ಕೂ ಮೊದಲೇ ಆನ್‌ಲೈನಿನಲ್ಲಿ ಶುರುವಾಗಿತ್ತು. ಮೈಸೂರಿನ ಫೋಟೊ ಪತ್ರಕರ್ತ ಟಿ.ಎಸ್. ಸತ್ಯನ್ ಅವರ ಚಿತ್ರಗಳನ್ನು ಅಲ್ಲಿ ಮನೆಯಲ್ಲೇ ಕೂತು ನೋಡಬಹುದು. ನ್ಯೂಯಾರ್ಕಿನ ಮೋಮಾ ಮ್ಯೂಸಿಯಂನಲ್ಲಿ ನಿಕೊಲಸ್ ನಿಕ್ಸನ್ ತೆಗೆದ ನಾಲ್ವರು ಅಕ್ಕತಂಗಿಯರ ಸರಣಿ ಇದೆ. 1975ರಿಂದ ವರ್ಷಕ್ಕೆ ಒಂದು ಚಿತ್ರ. ನಿಲ್ಲುವ ಕ್ರಮ ಬದಲಾಗುವುದಿಲ್ಲ, ಎಡದಿಂದ ಬಲಕ್ಕೆ ಅವರೇ ನಾಲ್ವರು, ಕಪ್ಪುಬಿಳುಪಿನಲ್ಲಿ. ಮೊದಲ ಚಿತ್ರಗಳಲ್ಲಿ ಹುಡುಗಿಯರು ಕ್ಯಾಮೆರಾವನ್ನೇ ಕೆಣಕುವಂತೆ ನೋಡುತ್ತಾರೆ. ವರ್ಷ ಕಳೆದಂತೆ ಒಬ್ಬರಿಗೊಬ್ಬರು ಒರಗಿಕೊಳ್ಳುವುದು ಹೆಚ್ಚಾಗುತ್ತದೆ.

ಆದರೆ ನಮ್ಮ ಗುಂಪನ್ನು ಎಬ್ಬಿಸಿ ಹೊರಗೆ ಕಳಿಸಿದ್ದು ಜರ್ಮನಿಯ ಬರ್ನ್ಡ್ ಮತ್ತು ಹಿಲ್ಲಾ ಬೆಕರ್. ಈ ಗಂಡಹೆಂಡತಿ 1959ರಿಂದ ದಶಕಗಳ ಕಾಲ ಕಾರ್ಖಾನೆಗಳ ಊರುಗಳಲ್ಲಿ ನೀರಿನ ಟ್ಯಾಂಕು, ಕುಲುಮೆ, ಗಣಿಯ ಬಾವಿಯ ಮೇಲಿನ ಗೋಪುರ ಇವನ್ನೇ ತೆಗೆದರು. ಮೋಡ ಮುಚ್ಚಿದ ದಿನ ಮಾತ್ರ, ನೆರಳು ಬೀಳಬಾರದು. ಎದುರಿನಿಂದ ನೇರವಾಗಿ, ಹತ್ತಿರದಲ್ಲಿ ಜನ ಇರಬಾರದು. ಆಮೇಲೆ ಒಂಬತ್ತೋ ಹದಿನೈದೋ ಚಿತ್ರಗಳನ್ನು ಚೌಕದಲ್ಲಿ ಜೋಡಿಸುತ್ತಿದ್ದರು. ಎಲ್ಲ ಒಂದೇ ಥರ ಅಂದುಕೊಂಡು ನೋಡಲು ಶುರು ಮಾಡಿದರೆ ಒಂದೂ ಇನ್ನೊಂದರ ಥರ ಇರೋದಿಲ್ಲ. ನ್ಯೂಯಾರ್ಕಿನ ಮೆಟ್ ಮ್ಯೂಸಿಯಂ, ಬ್ರಿಟನ್ನಿನ ಟೇಟ್ ಎರಡರಲ್ಲೂ ಇವರ ಚಿತ್ರಗಳಿವೆ. ಆ ಗಣಿ ಗೋಪುರಗಳನ್ನು ನೋಡಿದ ತಕ್ಷಣ ನಮಗೆ ನೆನಪಾದದ್ದು ಪಕ್ಕದ ಜಿಲ್ಲೆಯ ಕೆಜಿಎಫ್. 2001ರಲ್ಲಿ ಗಣಿ ಮುಚ್ಚಿತು. ಅಲ್ಲಿನ ಗೋಪುರಗಳನ್ನು ಇದೇ ಶ್ರದ್ಧೆಯಲ್ಲಿ ಯಾರಾದರೂ ತೆಗೆದಿಡಬೇಕು.

ನಮ್ಮಲ್ಲಿ ಗಣಿ ಇಲ್ಲ, ಟ್ಯಾಂಕು ಇದೆ. ವರ್ಷವಿಡೀ ಹರಿಯುವ ಹೊಳೆ ಇಲ್ಲದ ಜಿಲ್ಲೆ ಇದು. ಸಾವಿರ ಅಡಿ ಕೊರೆದ ಬೋರ್‌ವೆಲ್ ನೀರು ಹತ್ತಿ ಕೂರುವುದು ಊರ ಬಾಗಿಲಿನ ಓವರ್‌ಹೆಡ್ ಟ್ಯಾಂಕಿನಲ್ಲಿ. ಇಬ್ಬರು ಈಗ ಅದನ್ನೇ ಹಿಡಿದಿದ್ದಾರೆ. ಒಂದಕ್ಕೆ ನೀಲಿ ಬಣ್ಣ, ಇನ್ನೊಂದಕ್ಕೆ ಸಿಮೆಂಟು ಕಿತ್ತು ಕಂಬಿ ಕಾಣುತ್ತದೆ, ಮತ್ತೊಂದರ ಕಾಲುಗಳ ನಡುವೆ ದನ ಕಟ್ಟಿದ್ದಾರೆ.

ನಾನು ಹಿಡಿದದ್ದು ಚಂದ್ರಿಕೆ. ರೇಷ್ಮೆ ಹುಳ ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟೆ. ಶಿಡ್ಲಘಟ್ಟದ ಸುತ್ತ ಯಾವ ಹಳ್ಳಿಗೆ ಹೋದರೂ ಗೋಡೆಗೆ ಒರಗಿಸಿಟ್ಟಿರುತ್ತಾರೆ. ಒಳಗೆ ಬಿದಿರಿನ ಪಟ್ಟಿ ಸುತ್ತು ಸುತ್ತಾಗಿ ಹೋಗುತ್ತದೆ. ಹೆಣೆದವರ ಕೈ ಬದಲಾದರೆ ಸುತ್ತಿನ ಬಿಗಿಯೂ ಬದಲಾಗುತ್ತದೆ. ಒಂದು ಮನೆಯ ಮುಂದೆ ತೆಗೆಯುತ್ತಿದ್ದಾಗ ಅಲ್ಲಿನ ಅಜ್ಜಿ ಕೇಳಿದರು, “ಯಾಕಮ್ಮಾ, ಖಾಲಿ ಚಂದ್ರಿಕೆ ಫೋಟೊ ತೆಗೀತೀಯಾ? ಹುಳ ಹಣ್ಣಾದಾಗ ಬಾ, ಆಗ ನೋಡೋಕೆ ಚೆಂದ.” ಸರಿ ಅಜ್ಜಿ ಅಂದೆ, ಹೋದೆ. ಹಳದಿಗೆ ತಿರುಗಿದ ಹುಳಗಳು ತಲೆ ಎತ್ತಿ ಆಡಿಸುತ್ತಾ ನೂಲು ಬಿಡುತ್ತಿದ್ದವು. ಈಗ ಪ್ರತಿ ಚಂದ್ರಿಕೆಯದ್ದೂ ಮೂರು ಚಿತ್ರ: ಖಾಲಿ, ಹುಳ ಬಿಟ್ಟಾಗ, ಗೂಡು ತುಂಬಿದಾಗ. ಪ್ಲಾಸ್ಟಿಕ್ಕಿನ ನೇತ್ರಿಕೆ ಬಂದ ಮೇಲೆ ಬಿದಿರಿನದ್ದು ಕಡಿಮೆಯಾಗುತ್ತಿದೆ, ಹಾಗಾಗಿ ಬೇಗ ಮಾಡಬೇಕು.

ಯಾವುದು ಮೇಲು ಅಂತ ಕೇಳಿದರೆ ನನ್ನ ಉತ್ತರ ಮ್ಯೂಸಿಯಂ ಮತ್ತು ಡಾಲರ್ ಸ್ಟ್ರೀಟ್ ಥರದ ತಾಣಗಳು. ಪೂರ್ತಿ ಸರಣಿ, ನಿಯಮ ಎರಡೂ ಕಣ್ಣೆದುರಿಗೆ ಇರುತ್ತವೆ. ಆದರೆ ಅಲ್ಲಿಗೆ ಹೋಗಲು ಹೆಸರು ಗೊತ್ತಿರಬೇಕು, ಆ ಹೆಸರು ಸಿಗೋದು ಬಹಳ ಸಲ ಇನ್‌ಸ್ಟಾಗ್ರಾಮ್‌ನಲ್ಲೇ. ಕನ್ನಡ ಮಾತ್ರ ಓದುವವರು ಇದ್ದರೆ ನಾನು ಕಣ್ಣು ಮುಚ್ಚಿ ಪರಿಯಿಂದ ಶುರು ಮಾಡಿ ಅನ್ನುತ್ತೇನೆ.

ನಮ್ಮ ಕೆಲಸ ಇಡೋಕೆ ಆರಿಸಿದ್ದು ಫ್ಲಿಕರ್. ಉಚಿತ ಖಾತೆಯಲ್ಲಿ 1000 ಚಿತ್ರದವರೆಗೆ ಇಡಬಹುದು, ಆಲ್ಬಮ್‌ನಲ್ಲಿ ನಾವು ಜೋಡಿಸಿದ ಕ್ರಮ ಹಾಗೇ ಉಳಿಯುತ್ತದೆ. ಟ್ಯಾಂಕುಗಳ ಆಲ್ಬಮ್‌ಗೆ ಬಾಗೇಪಲ್ಲಿ, ಗುಡಿಬಂಡೆ ಕಡೆಯದ್ದು ಇನ್ನೂ ಸೇರಿಲ್ಲ. ಆ ಕಡೆಯವರು ತೆಗೆಯುವುದಾದರೆ ಮೋಡದ ದಿನ ನೋಡಿ, ಫೋನು ಅಡ್ಡ ಹಿಡಿಯದೆ ಉದ್ದಕ್ಕೆ ಹಿಡಿದು, ಟ್ಯಾಂಕಿನ ಕಾಲಿನಿಂದ ತುದಿಯವರೆಗೆ ಪೂರ್ತಿ ಬರುವಂತೆ ತೆಗೆಯಿರಿ. ಊರಿನ ಹೆಸರು ಬರೆದಿಟ್ಟುಕೊಳ್ಳಿ.