ನಾಲ್ಕು ಮಳೆಗಾಲ, 61 ಸಾವಿರ ಕಿಲೋಮೀಟರ್, ಒಂದು ಹಳದಿ ದೀಪ

2021ರಲ್ಲಿ ಕಾರು ತಗೊಳ್ಳುವಾಗ ಮನೆಯಲ್ಲಿ ಸಣ್ಣ ಜಗಳವೇ ಆಯಿತು. ಕೆಳಗಿನ ವೇರಿಯಂಟ್ ಸಾಕು, ಉಳಿಯುವ 60 ಸಾವಿರದಲ್ಲಿ ಪಂಪ್‌ಸೆಟ್ ಶೆಡ್ಡು ರಿಪೇರಿ ಆಗುತ್ತೆ ಅಂತ ಅಪ್ಪ. ಇಎಸ್‌ಪಿ, ಅಂದ್ರೆ ಗಾಡಿ ಜಾರಿದಾಗ ತಾನಾಗಿ ಬ್ರೇಕ್ ಹಾಕಿ ನೆಟ್ಟಗೆ ಮಾಡುವ ಸ್ಟೆಬಿಲಿಟಿ ಕಂಟ್ರೋಲ್, ಇರೋದೇ ಬೇಕು ಅಂತ ನಾನು. ಶೋರೂಮಿನ ಹುಡುಗನೂ, "ಅದೇನು ಕಣ್ಣಿಗೆ ಕಾಣೋದಲ್ಲ ಸಾರ್, ಸ್ಕ್ರೀನ್ ದೊಡ್ಡದಿರೋದು ನೋಡಿ" ಅಂದ. ಹಠ ಹಿಡಿದು ತಗೊಂಡೆ. ಹೆಚ್ಚಿನ ಓಡಾಟ ತೀರ್ಥಹಳ್ಳಿ, ಆಗುಂಬೆ, ಉಡುಪಿ ಕಡೆಗೆ.

ಮೈಲೇಜು, ಎಸಿ, ಡಿಕ್ಕಿಯ ಜಾಗ, ಇವುಗಳ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಾನು ಬರೆಯುತ್ತಿರುವುದು ಮೀಟರಿನಲ್ಲಿರುವ ಒಂದು ಹಳದಿ ದೀಪದ ಬಗ್ಗೆ. ಪುಟ್ಟ ಕಾರಿನ ಚಿತ್ರ, ಅದರ ಕೆಳಗೆ ಹಾವು ಹರಿದಂತೆ ಎರಡು ಗೆರೆ.

ಅದು ಮೊದಲ ಸಲ ಮಿನುಗಿದ್ದು ನಮ್ಮ ಮನೆಯ ಏರಿನಲ್ಲೇ. ಜಂಬಿಟ್ಟಿಗೆ ಹಾಸಿದ ದಾರಿ. ಜುಲೈ ಬಂತು ಅಂದ್ರೆ ಎಡಬದಿ ಪೂರ್ತಿ ಪಾಚಿ. ಹಳೇ ಕಾರಿನಲ್ಲಿ ಅಲ್ಲಿಗೆ ಬಂದರೆ ಎಡಗಡೆಯ ಮುಂದಿನ ಚಕ್ರ ಗಿರ್ರನೆ ತಿರುಗುತ್ತಿತ್ತು, ಗಾಡಿ ಇದ್ದಲ್ಲೇ ಇರುತ್ತಿತ್ತು. ಬಲಗಡೆಯ ಚಕ್ರ ಒಣ ಕಲ್ಲಿನ ಮೇಲಿದ್ದರೂ ಪ್ರಯೋಜನ ಇಲ್ಲ. ಕಾರಣ ಡಿಫರೆನ್ಷಿಯಲ್. ಎಂಜಿನ್ನಿನ ಬಲವನ್ನು ಎಡ ಬಲ ಚಕ್ರಗಳಿಗೆ ಹಂಚುವ ಗೇರು ಅದು, ಎರಡಕ್ಕೂ ಸಮನಾದ ಬಲವನ್ನೇ ಹಂಚುತ್ತದೆ. ಜಾರುವ ಚಕ್ರ ಎಷ್ಟು ಬಲ ತಡೆದುಕೊಳ್ಳುತ್ತದೋ, ಗಟ್ಟಿ ನಿಂತ ಚಕ್ರಕ್ಕೂ ಅಷ್ಟೇ ಸಿಗೋದು.

ಹೊಸ ಕಾರು ಅದೇ ಜಾಗದಲ್ಲಿ ಅರ್ಧ ಸುತ್ತು ಜಾರಿತು. ದೀಪ ಮಿನುಗಿತು. ಬಾನೆಟ್ ಒಳಗಿಂದ ಗರ್ರ್ ಗರ್ರ್ ಅಂತ ಸದ್ದು ಬಂತು. ಆಮೇಲೆ ಗಾಡಿ ಮೆಲ್ಲಗೆ ಹತ್ತಿತು. ಏನೋ ಕೆಟ್ಟಿತು ಅಂದುಕೊಂಡು ನಾನು ಮೇಲೆ ಹೋಗಿ ಬಾನೆಟ್ ಎತ್ತಿ ನೋಡಿದ್ದೆ! ಕೆಟ್ಟಿದ್ದಲ್ಲ, ಅದು ಬ್ರೇಕ್ ಪಂಪಿನ ಸದ್ದು. ಪ್ರತಿ ಚಕ್ರಕ್ಕೂ ಒಂದು ವೇಗದ ಸೆನ್ಸರ್ ಇರುತ್ತದೆ. ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿ ನಿಲ್ಲದಂತೆ ನೋಡುವ ಎಬಿಎಸ್‌ಗೂ ಅದೇ ಬೇಕು. ಒಂದು ಚಕ್ರ ಉಳಿದವಕ್ಕಿಂತ ಜೋರಾಗಿ ತಿರುಗಿದರೆ, ಇಎಸ್‌ಪಿ ಜೊತೆಗೇ ಬರುವ ಟ್ರ್ಯಾಕ್ಷನ್ ಕಂಟ್ರೋಲ್ ಆ ಒಂದೇ ಚಕ್ರಕ್ಕೆ ಬ್ರೇಕ್ ಹಾಕುತ್ತದೆ, ಜೊತೆಗೆ ಎಂಜಿನ್ನಿನ ಬಲವನ್ನೂ ಸ್ವಲ್ಪ ಇಳಿಸುತ್ತದೆ. ತಗ್ಗಿನ ಕಾಲುವೆಗೇ ನೀರೆಲ್ಲ ನುಗ್ಗುವಾಗ ಅದರ ಬಾಯಿಗೊಂದು ಮಣ್ಣಿನ ಹೆಂಟೆ ಇಟ್ಟರೆ ನೀರು ಪಕ್ಕದ್ದಕ್ಕೆ ತಿರುಗುತ್ತಲ್ಲ, ಹೆಚ್ಚುಕಡಿಮೆ ಅದೇ ಕೆಲಸ.

ಈ ಏರು ದಿನಾ ಇದ್ದದ್ದೇ. ಆದರೆ ನಾನು ದುಡ್ಡು ಕೊಟ್ಟಿದ್ದು ಸ್ಟೆಬಿಲಿಟಿ ಕಂಟ್ರೋಲ್‌ಗೆ. ಅದು ನಿಜವಾಗಿ ಕೆಲಸಕ್ಕೆ ಬಂದಿದ್ದು, ನನಗೆ ತಿಳಿದ ಮಟ್ಟಿಗೆ, ಒಂದೇ ಒಂದು ಸಲ.

ಎರಡನೇ ವರ್ಷದ ಆಗಸ್ಟ್. ಮೇಗರವಳ್ಳಿ ದಾಟಿ ಆಗುಂಬೆ ಕಡೆ ಹೋಗುತ್ತಿದ್ದೆ. ಜಿಟಿಜಿಟಿ ಮಳೆ, ವೇಗ 60ರ ಆಸುಪಾಸು. ತಿರುವು ಮುಗಿಯುತ್ತಲೇ ರಸ್ತೆ ಮಧ್ಯೆ ಒಂದು ಕರು. ಸ್ಟೇರಿಂಗ್ ಬಲಕ್ಕೆ ಎಳೆದೆ, ಎದುರಿಗೆ ಜೀಪು ಕಂಡಿತು, ತಕ್ಷಣ ಎಡಕ್ಕೆ ಎಳೆದೆ. ಆ ಎರಡನೇ ಎಳೆತಕ್ಕೆ ಕಾರಿನ ಹಿಂಭಾಗ ಬಲಕ್ಕೆ ಜಾರಲು ಶುರುವಾದದ್ದು ಸೊಂಟಕ್ಕೆ ಗೊತ್ತಾಯಿತು. ಮರುಕ್ಷಣ ಯಾರೋ ಮುಂದಿನ ಬಲ ಮೂಲೆಯನ್ನು ಹಿಡಿದು ಜಗ್ಗಿದಂತಾಯಿತು. ಗಾಡಿ ನೆಟ್ಟಗಾಯಿತು. ದೀಪ ನಾಲ್ಕೈದು ಸಲ ಮಿನುಗಿ ಆರಿತು. ಕರು ಅಲ್ಲೇ ನಿಂತು ನನ್ನನ್ನೇ ನೋಡುತ್ತಿತ್ತು.

ಹಾಗೆ ಜಗ್ಗಿದ್ದು ನನ್ನ ಕಾಲಲ್ಲ. ಒಂದು ಸೆನ್ಸರ್ ನಾವು ಸ್ಟೇರಿಂಗ್ ಎಷ್ಟು ತಿರುಗಿಸಿದ್ದೇವೆ ಅಂತ ನೋಡುತ್ತದೆ, ಇನ್ನೊಂದು ಕಾರು ನಿಜಕ್ಕೂ ಎಷ್ಟು ತಿರುಗುತ್ತಿದೆ ಅಂತ ಅಳೆಯುತ್ತದೆ. ಎರಡನ್ನೂ ಇಎಸ್‌ಪಿ ಸೆಕೆಂಡಿಗೆ 25 ಸಲ ತಾಳೆ ನೋಡುತ್ತದೆ ಅನ್ನುತ್ತದೆ ಅದನ್ನು ತಯಾರಿಸುವ ಬಾಷ್ ಕಂಪನಿ. ತಾಳೆ ತಪ್ಪಿದರೆ ಒಂದೊಂದೇ ಚಕ್ರಕ್ಕೆ ಬ್ರೇಕ್. ಹಿಂಭಾಗ ಜಾರಿದರೆ ತಿರುವಿನ ಹೊರಬದಿಯ ಮುಂದಿನ ಚಕ್ರಕ್ಕೆ. ಮುಂಭಾಗ ತಿರುಗದೆ ನೇರ ಹೋಗುತ್ತಿದ್ದರೆ ಒಳಬದಿಯ ಹಿಂದಿನ ಚಕ್ರಕ್ಕೆ. ನಾವು ಇರೋ ಒಂದೇ ಪೆಡಲ್‌ನಿಂದ ಇದನ್ನು ಮಾಡಲು ಆಗುತ್ತಾ?

ಬಲಕ್ಕೆ ಎಳೆದು ಎಡಕ್ಕೆ ಎಳೆಯುವ ಈ ಆಟಕ್ಕೆ ಸ್ವೀಡನ್‌ನಲ್ಲಿ ಪರೀಕ್ಷೆಯೇ ಇದೆ. ಅಲ್ಲಿ ರಸ್ತೆಗೆ ಬರೋದು ಮೂಸ್ ಅನ್ನುವ ಭಾರಿ ಜಿಂಕೆ, ನಮ್ಮಲ್ಲಿ ಕರು. 1997ರ ಅಕ್ಟೋಬರ್‌ನಲ್ಲಿ ಹೊಸದಾಗಿ ಬಂದಿದ್ದ ಪುಟ್ಟ ಮರ್ಸಿಡಿಸ್ ಎ-ಕ್ಲಾಸ್ ಆ ಪರೀಕ್ಷೆಯಲ್ಲಿ ಪಲ್ಟಿ ಹೊಡೆಯಿತು. ಇಎಸ್‌ಪಿ 1995ರಲ್ಲೇ ಬಂದಿದ್ದರೂ ಆಗ ಅದು ದೊಡ್ಡ ದುಬಾರಿ ಕಾರುಗಳ ಸೊತ್ತು. ಪಲ್ಟಿಯಾದ ಮೇಲೆ ಪ್ರತಿ ಎ-ಕ್ಲಾಸ್‌ಗೂ ಅದನ್ನು ಹಾಕಿ ಕೊಡಬೇಕಾಯಿತು. ಸಣ್ಣ ಕಾರಿಗೆ ಇದೆಲ್ಲ ಯಾಕೆ ಅನ್ನುವವರಿಗೆ ನಾನು ಹೇಳೋ ಕಥೆ ಇದು. ಅಪ್ಪನಿಗೂ ಹೇಳಿದೆ. "ಹೂಂ" ಅಂದ್ರು, ಅಷ್ಟೇ.

ಹಾಗಂತ ಇದು ಮಂತ್ರ ಅಲ್ಲ. 40 ಸಾವಿರ ಕಿಲೋಮೀಟರ್ ದಾಟಿದ ಮೇಲೆ ದೀಪ ಸಣ್ಣಪುಟ್ಟ ತಿರುವಿನಲ್ಲೂ ಮಿನುಗತೊಡಗಿತು. ಸಿಸ್ಟಮ್ ಹಾಳಾಯಿತು ಅಂದುಕೊಂಡೆ. ಟೈರ್ ಅಂಗಡಿಯವರು ಟೈರಿನ ಕಾಲುವೆಯೊಳಗಿನ ಸಣ್ಣ ಉಬ್ಬನ್ನು ಬೆರಳಿಟ್ಟು ತೋರಿಸಿದರು. 1.6 ಮಿಲಿಮೀಟರಿನ ಗುರುತು ಅದು. ಟೈರು ಸವೆದು ಅದರ ಮಟ್ಟಕ್ಕೇ ಬಂದಿತ್ತು. ನಾಲ್ಕೂ ಬದಲಾಯಿಸಿದೆ, ದೀಪ ತಣ್ಣಗಾಯಿತು. ರಸ್ತೆಯನ್ನು ಹಿಡಿಯೋದು ಟೈರು. ಇರುವ ಹಿಡಿತವನ್ನು ಇಎಸ್‌ಪಿ ಸರಿಯಾಗಿ ಹಂಚುತ್ತದೆ, ಇಲ್ಲದ್ದನ್ನು ಎಲ್ಲಿಂದ ತರುತ್ತೆ?

ಕೆಸರಿನಲ್ಲಿ ಮಾತ್ರ ಇದು ಶುದ್ಧ ಕಿರಿಕಿರಿ. ಒಮ್ಮೆ ಕಣದ ಪಕ್ಕ ಎರಡೂ ಮುಂದಿನ ಚಕ್ರ ಹೂತುಹೋದವು. ಆಕ್ಸಿಲರೇಟರ್ ಎಷ್ಟೇ ಒತ್ತಿದರೂ ಎಂಜಿನ್ ಉಸಿರೇ ಬಿಡುತ್ತಿರಲಿಲ್ಲ. ಚಕ್ರ ಜಾರುತ್ತಿದೆ ಅಂತ ಅದು ಬಲ ಇಳಿಸುತ್ತಿತ್ತು. ಅಲ್ಲಿ ಚಕ್ರ ಸ್ವಲ್ಪ ತಿರುಗಿ ಕೆಸರು ಕಿತ್ತುಕೊಳ್ಳಲೇಬೇಕು. ಸ್ಟೇರಿಂಗ್ ಬಲಗಡೆ ಒಂದು ಆಫ್ ಬಟನ್ ಇದೆ. ಅದನ್ನು ಒತ್ತಿ, ಚಕ್ರದಡಿಗೆ ಎರಡು ಬುಟ್ಟಿ ಅಡಿಕೆ ಸಿಪ್ಪೆ ಹಾಕಿದ ಮೇಲೆ ಗಾಡಿ ಮೇಲೆ ಬಂತು. ಆಮೇಲೆ ಆನ್ ಮಾಡೋದು ಮರೆತರೂ ನನ್ನ ಕಾರಿನಲ್ಲಿ ಮುಂದಿನ ಸಲ ಸ್ಟಾರ್ಟ್ ಮಾಡುವಾಗ ತಾನಾಗಿ ಬರುತ್ತದೆ.

ರಿಪೇರಿ ಖರ್ಚು ಒಂದೇ ಸಲ. ಮೂರನೇ ವರ್ಷ ಹಳದಿ ದೀಪ, ಎಬಿಎಸ್ ದೀಪ ಎರಡೂ ಒಟ್ಟಿಗೆ ಹತ್ತಿಕೊಂಡವು. ಮಿನುಗಲಿಲ್ಲ, ಹತ್ತಿಕೊಂಡೇ ಇದ್ದವು. ಮಿನುಗಿದರೆ ಕೆಲಸ ಮಾಡುತ್ತಿದೆ ಅಂತ, ಹತ್ತಿಕೊಂಡೇ ಇದ್ದರೆ ಆಫ್ ಆಗಿದೆ ಅಥವಾ ಕೆಟ್ಟಿದೆ ಅಂತ. ಒಂದು ಸರ್ವೀಸ್ ಸೆಂಟರ್‌ನಲ್ಲಿ ಎಬಿಎಸ್ ಯೂನಿಟ್ಟೇ ಬದಲಾಯಿಸಬೇಕು ಅಂತ ಹೇಳಿ 30 ಸಾವಿರ ದಾಟುವ ಎಸ್ಟಿಮೇಟ್ ಕೈಗಿಟ್ಟರು. ಊರಿನ ಮೆಕ್ಯಾನಿಕ್ ಗಾಡಿ ಎತ್ತಿ ಟಾರ್ಚ್ ಬಿಟ್ಟ. ಎಡ ಹಿಂದಿನ ಚಕ್ರದ ಸೆನ್ಸರ್ ವೈರನ್ನು ಇಲಿ ಕಡಿದಿತ್ತು! 1,400 ರೂಪಾಯಿಗೆ ಮುಗಿಯಿತು. ನಮ್ಮ ಕಡೆ ಮಳೆಗಾಲದಲ್ಲಿ ಈ ದೀಪ ಹತ್ತಿಕೊಂಡರೆ ಮೊದಲು ವೈರು ನೋಡಿಸಿ.

ಹಿಲ್ ಹೋಲ್ಡ್ ಕೂಡ ಇಎಸ್‌ಪಿ ಜೊತೆಗೇ ಬರುತ್ತದೆ. ಏರಿನಲ್ಲಿ ನಿಲ್ಲಿಸಿ ಬ್ರೇಕಿನಿಂದ ಕಾಲು ತೆಗೆದರೆ ಸುಮಾರು ಎರಡು ಸೆಕೆಂಡ್ ಗಾಡಿ ಹಿಂದೆ ಜಾರಲ್ಲ. ಆಗುಂಬೆ ಘಾಟಿಯ ಹೇರ್‌ಪಿನ್ ತಿರುವಿನಲ್ಲಿ ಬಸ್ಸಿಗೆ ಜಾಗ ಬಿಟ್ಟು ಮತ್ತೆ ಹೊರಡುವಾಗ ನನ್ನ ಹೆಂಡತಿಗೆ ಇದೇ ಜೀವ. 60 ಸಾವಿರ ಇದೊಂದಕ್ಕೇ ವಸೂಲಿ ಅನ್ನುತ್ತಾಳೆ.

ಕಾರುಗಳ ಸುರಕ್ಷತೆಗೆ ಸ್ಟಾರ್ ಕೊಡುವ, 2023ರ ಅಕ್ಟೋಬರ್‌ನಲ್ಲಿ ಶುರುವಾದ ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಮೂರು ಸ್ಟಾರ್ ಬೇಕು ಅಂದ್ರೂ ಇಎಸ್‌ಪಿ ಇರಲೇಬೇಕು. ಈಗ ಕೆಳಗಿನ ವೇರಿಯಂಟ್‌ಗಳಿಗೂ ಕೊಡುತ್ತಿದ್ದಾರೆ, ನಮ್ಮಂತೆ ಜಗಳ ಆಡಬೇಕಿಲ್ಲ. ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ಮಾತ್ರ ಬಾಯಿಮಾತು ನಂಬಬೇಡಿ. ಇಗ್ನಿಷನ್ ಹಾಕಿಸಿ ಮೀಟರ್ ನೋಡಿ. ಆ ಹಾವುಗೆರೆಯ ಕಾರು ಒಂದೆರಡು ಸೆಕೆಂಡ್ ಬೆಳಗಿ ಆರಬೇಕು. ಆರದಿದ್ದರೆ ಏನೋ ಕೆಟ್ಟಿದೆ. ಬೆಳಗಲೇ ಇಲ್ಲ ಅಂದ್ರೆ ಆ ಗಾಡಿಯಲ್ಲಿ ಅದು ಇಲ್ಲ, ಇಲ್ಲವೇ ಯಾರೋ ದೀಪವನ್ನೇ ಕಿತ್ತಿಟ್ಟಿದ್ದಾರೆ.