ಸೊಂಟವೂ 31, ಉದ್ದವೂ 31: ಮೈಸೂರಿನಲ್ಲಿ ಶಾಲೆಯ ಸಮವಸ್ತ್ರ ಹೊಲಿಸಿದ್ದು

ನನ್ನ ಮಗ ನಾಲ್ಕನೆಯ ತರಗತಿಯಲ್ಲಿದ್ದಾನೆ. ವಯಸ್ಸು ಒಂಬತ್ತು, ಎತ್ತರ 132 ಸೆಂಟಿಮೀಟರ್, ಸೊಂಟದ ಸುತ್ತಳತೆ 31 ಇಂಚು, ಪ್ಯಾಂಟಿನ ಉದ್ದವೂ ಸರಿಯಾಗಿ 31 ಇಂಚು. ಈ ಎರಡು ಅಂಕಿಗಳು ಒಂದೇ ಪ್ಯಾಂಟಿನಲ್ಲಿ ಸೇರುವುದು ಸಿದ್ಧ ಉಡುಪಿನಲ್ಲಿ ಎಷ್ಟು ಅಪರೂಪವೆಂಬುದು ಮೈಸೂರಿನಲ್ಲಿ ಮೂರು ಅಂಗಡಿ ಹತ್ತಿಳಿದ ಮೇಲೆ ನನಗೆ ತಿಳಿಯಿತು. ಆ ಮೂರು ಕಡೆ ನಡೆದದ್ದನ್ನೂ, ಅಲ್ಲಿ ತಂದ ಬಟ್ಟೆ ಜೂನ್‌ನಿಂದ ಈಚೆಗೆ ಬಾಳಿದ ಬಗೆಯನ್ನೂ ಇಲ್ಲಿ ಬರೆದಿದ್ದೇನೆ. ಯಾವ ಅಂಗಡಿಯ ಹೆಸರನ್ನೂ ಹೇಳಿಲ್ಲ. ಮೊದಲಿನ ಎರಡರ ಹೆಸರು ಹೇಳಿ ಪ್ರಯೋಜನವಿಲ್ಲ. ಮೂರನೆಯವರು ತಾವಾಗಿಯೇ ಬೇಡವೆಂದರು, ಬೇಸಿಗೆಯಲ್ಲಿ ಒಪ್ಪಿಕೊಂಡ ಕೆಲಸವನ್ನೇ ಮುಗಿಸಲಾಗುತ್ತಿಲ್ಲವಂತೆ.

ಮೊದಲು ಹೋದದ್ದು ಶಾಲೆಯ ಚೀಟಿಯಲ್ಲಿ ಸೂಚಿಸಿದ್ದ ಅಂಗಡಿಗೆ. ಅಲ್ಲಿ ಅಳತೆ ತೆಗೆದುಕೊಳ್ಳುವ ಪದ್ಧತಿಯೇ ಇಲ್ಲ. ಯಾವ ತರಗತಿ ಎಂದು ಕೇಳುತ್ತಾರೆ, ಮಗುವನ್ನು ಒಮ್ಮೆ ನೋಡುತ್ತಾರೆ, ಪೊಟ್ಟಣ ಇಳಿಸುತ್ತಾರೆ. ನಾಲ್ಕನೆಯ ತರಗತಿಯ ಪ್ಯಾಂಟು ನನ್ನ ಮಗನ ತೊಡೆಯನ್ನೇ ದಾಟಲಿಲ್ಲ. ಆಗ ಕೌಂಟರಿನಲ್ಲಿದ್ದವರು ಅಟ್ಟದ ಮೇಲಿದ್ದ ಹುಡುಗನಿಗೆ ಕೇಳುವಂತೆ, “ಲೋ, 38 ಇದ್ರೆ ಹಾಕೋ, ಹುಡುಗ ದಪ್ಪ ಇದಾನೆ” ಎಂದು ಕೂಗಿದರು. ಅಂಗಡಿಯಲ್ಲಿ ಅವನ ಶಾಲೆಯ ಮಕ್ಕಳೇ ಏಳೆಂಟು ಮಂದಿ ಇದ್ದರು. ಅನಂತರ ಅವನು ಯಾವ ಬಟ್ಟೆಯನ್ನೂ ಹಾಕಿ ನೋಡಲು ಒಪ್ಪಲಿಲ್ಲ. ನಾನು ಅಂದಾಜಿನ ಮೇಲೆ 38 ಇಂಚು ಉದ್ದದ, 640 ರೂಪಾಯಿಯ ಪ್ಯಾಂಟೊಂದನ್ನೂ, 36ರ ಎರಡು ಷರ್ಟುಗಳನ್ನೂ ತಂದೆ. ಅದು ನನ್ನ ಮೊದಲ ತಪ್ಪು.

ಎರಡನೆಯ ತಪ್ಪನ್ನು ಶಿವರಾಂಪೇಟೆಯಲ್ಲಿ ಮಾಡಿದೆ. ಅಲ್ಲಿನ ಆಲ್ಟ್ರೇಷನ್ ಅಂಗಡಿಯವರು 120 ರೂಪಾಯಿಗೆ ಆ ಪ್ಯಾಂಟಿನ ಕೆಳಗಿನ ಏಳು ಇಂಚನ್ನು ಕತ್ತರಿಸಿ ಮಡಿಚಿ ಕೊಟ್ಟರು. ಕೆಲಸ ಚೊಕ್ಕಟವಾಗಿಯೇ ಇತ್ತು, ಅವರ ಮೇಲೆ ನನಗೆ ದೂರಿಲ್ಲ. ಆದರೆ ಆ ಕೆಲಸದಿಂದ ಆಗಬೇಕಾದದ್ದು ಆಗುವುದು ಸಾಧ್ಯವಿರಲಿಲ್ಲ. ಪ್ಯಾಂಟಿನ ಕಾಲು ಕೆಳಗೆ ಇಳಿದಂತೆ ಕಿರಿದಾಗುತ್ತದೆ. ಕೆಳಗಿನ ಕಿರಿದಾದ ಭಾಗವನ್ನು ತೆಗೆದುಹಾಕಿದರೆ ಮಂಡಿಯ ಕೆಳಗಿನ ಅಗಲವೇ ಪಾದದ ಮೇಲೆ ಬಂದು ಕೂರುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಮೇಲಿನದು: 38ರ ಪ್ಯಾಂಟನ್ನು ಬೆಳೆದ ಹುಡುಗನ ಮೈಗೆ ಕತ್ತರಿಸಿರುತ್ತಾರಾದ್ದರಿಂದ ಸೊಂಟದಿಂದ ಎರಡು ಕಾಲು ಕೂಡುವ ಜಾಗದವರೆಗಿನ ಆಳ ಚಿಕ್ಕವನಿಗೆ ಎರಡು ಮೂರು ಇಂಚು ಹೆಚ್ಚಾಗಿ, ಸೀಟು ಜೋತು ಬೀಳುತ್ತದೆ. ಸೀಟು ಸಡಿಲವಾಗಿದ್ದರೆ ಓಡಾಡಲು ಆರಾಮ ಎಂದು ನಾನು ತಿಳಿದಿದ್ದೆ. ನಿಜದಲ್ಲಿ ಅದು ಹೆಜ್ಜೆಯನ್ನು ಕಟ್ಟಿಹಾಕುತ್ತದೆ. ಶಾಲೆ ಆರಂಭವಾದ ಮೂರನೆಯ ವಾರದಲ್ಲಿ, ಪ್ರಾರ್ಥನೆಗೆಂದು ಚಕ್ಕಳಮಕ್ಕಳ ಹಾಕಿ ಕುಳಿತಾಗ ನಡುಹೊಲಿಗೆ ಬಿಟ್ಟಿತು. ಮಗ ಅಂದು ಮಧ್ಯಾಹ್ನದವರೆಗೆ ಬೆಂಚಿನಿಂದ ಏಳಲಿಲ್ಲವೆಂದು ಅವನ ಗೆಳೆಯ ಹೇಳಿ ನನಗೆ ಗೊತ್ತಾಯಿತು.

ಅಂಗಡಿಗಳು ಇಂತಹ ಅಳತೆಯನ್ನು ಏಕೆ ಇಡುವುದಿಲ್ಲ ಎಂಬುದಕ್ಕೆ ಕಾರಣವಿದೆ, ಅದು ಕೇವಲ ಉದಾಸೀನವಲ್ಲ. ಸಿದ್ಧ ಸಮವಸ್ತ್ರದ ಬಹುಭಾಗ ಸೊಲ್ಲಾಪುರದಂತಹ ಊರುಗಳಿಂದ, ಒಂದೊಂದು ಅಳತೆಗೆ ಇಷ್ಟಿಷ್ಟು ಎಂಬ ಲೆಕ್ಕದಲ್ಲಿ ಬರುತ್ತದೆ. ಒಂದು ಮೂಲ ಅಳತೆಯಿಂದ ಹೊರಟು ಎದೆ, ಸೊಂಟ, ಉದ್ದ ಮೂರನ್ನೂ ಒಟ್ಟಿಗೆ ಏರಿಸುತ್ತ ಹೋಗುವುದು ಕಾರ್ಖಾನೆಯ ಕ್ರಮ. ಅಂದರೆ ಸೊಂಟ ಹೆಚ್ಚಿದವನು ಎತ್ತರವಾಗಿಯೂ ಇರಬೇಕು, ಎತ್ತರವಿದ್ದವಳು ಅಗಲವಾಗಿಯೂ ಇರಬೇಕು. ತುದಿಯ ಅಳತೆಗಳನ್ನು ಹೆಚ್ಚಾಗಿ ತರಿಸಿದ ಅಂಗಡಿಯಾತನಿಗೆ ಅವು ವರ್ಷಗಟ್ಟಲೆ ಉಳಿಯುತ್ತವೆ, ಶಾಲೆಯ ಬಣ್ಣದ ಬಟ್ಟೆ ಬೇರೆಯವರಿಗೆ ಮಾರಲೂ ಬಾರದು. ಭಾರತೀಯರ ಮೈಯಳತೆಯನ್ನು ಗೊತ್ತುಪಡಿಸಲೆಂದು ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ (ನಿಫ್ಟ್) ಕೈಗೊಂಡ ಇಂಡಿಯಾಸೈಜ್ ಸಮೀಕ್ಷೆಯೂ 15ರಿಂದ 65 ವರ್ಷದವರನ್ನು ಕುರಿತದ್ದು. ಒಂಬತ್ತರ ಹುಡುಗ ಅದರ ಲೆಕ್ಕಕ್ಕೆ ಬರಲು ಇನ್ನೂ ಆರು ವರ್ಷ ಕಾಯಬೇಕು.

ಮೂರನೆಯದು ಅಗ್ರಹಾರದ ಒಂದು ಅಡ್ಡರಸ್ತೆಯಲ್ಲಿರುವ ಹೊಲಿಗೆ ಅಂಗಡಿ. ಎರಡು ಯಂತ್ರ, ಒಂದು ಕತ್ತರಿಸುವ ಮೇಜು, ಒಂದು ಪರದೆ, ಅಷ್ಟೇ. ಇರುವ ಮಾಸ್ಟರಿಗೆ ಅರವತ್ತು ದಾಟಿದೆ. ನಾನು ಹರಿದ ಪ್ಯಾಂಟನ್ನು ಮೇಜಿನ ಮೇಲಿಟ್ಟಾಗ ಅವರು ಅದನ್ನು ಒಮ್ಮೆ ತಿರುಗಿಸಿ ನೋಡಿ, “ಇದನ್ನ ಹೊಲ್ದು ಕೊಡ್ತೀನಿ ಅಮ್ಮ, ಮತ್ತೆ ಅಲ್ಲೇ ಬಿಡುತ್ತೆ. ಬಟ್ಟೆ ತನ್ನಿ” ಎಂದರು.

ಬಟ್ಟೆ ತರುವುದೇ ಒಂದು ಸಾಹಸವಾಯಿತು. ಪ್ಯಾಂಟಿನ ಕಡುನೀಲಿ ಬಟ್ಟೆ ದೇವರಾಜ ಅರಸು ರಸ್ತೆಯಲ್ಲಿ ಸುಲಭವಾಗಿ ಸಿಕ್ಕಿತು. ಷರ್ಟಿನ ಚೌಕಳಿ ಮಾತ್ರ ಶಾಲೆ ಸೂಚಿಸಿದ ಅಂಗಡಿಯಲ್ಲಷ್ಟೇ ಇತ್ತು, ಅವರು ಹೊಲಿದದ್ದನ್ನು ಬಿಟ್ಟು ಬಿಡಿ ಬಟ್ಟೆ ಮಾರುವುದಿಲ್ಲವೆಂದರು. ನಾನು ಶಾಲೆಯ ಕಚೇರಿಗೆ ಮಗನ ಅಳತೆಗಳನ್ನು ಬರೆದು, ಈ ಅಳತೆಯ ಷರ್ಟನ್ನು ತರಿಸಿಕೊಡಿ, ಇಲ್ಲವೇ ಬಟ್ಟೆ ಕೊಡಿಸಿ ಎಂದು ಒಂದು ಪುಟದ ಮನವಿ ಕೊಟ್ಟೆ. ಬಾಯಿಮಾತಿನಲ್ಲಿ ಎರಡು ಸಲ ಆಗದಿದ್ದದ್ದು ಈ ಚೀಟಿಯಿಂದ ನಾಲ್ಕೇ ದಿನಕ್ಕೆ ಆಯಿತು. ನನ್ನಂತೆ ಅಲೆಯುತ್ತಿರುವವರು ಅಂಗಡಿಯಲ್ಲಿ ವಾದಿಸುವ ಬದಲು ಅಳತೆಯನ್ನು ಕಾಗದದ ಮೇಲೆ ಬರೆದು ಶಾಲೆಗೇ ಕೊಡುವುದು ಒಳ್ಳೆಯದು. ಸಿಕ್ಕಾಗ ಮುಂದಿನ ವರ್ಷಕ್ಕೂ ಸೇರಿಸಿಯೇ ಬಟ್ಟೆ ತಂದೆ. ಒಮ್ಮೆ ಗೊತ್ತುಪಡಿಸಿದ ಸಮವಸ್ತ್ರವನ್ನು ಐದು ವರ್ಷದೊಳಗೆ ಬದಲಾಯಿಸುವಂತಿಲ್ಲ, ಬದಲಾಯಿಸುವುದಾದರೆ ಪೋಷಕರಿಗೆ ಕನಿಷ್ಠ ಒಂದು ವರ್ಷ ಮುಂಚೆ ತಿಳಿಸಬೇಕು ಎಂದು ಕರ್ನಾಟಕದ 1995ರ ಶಿಕ್ಷಣ ಸಂಸ್ಥೆಗಳ ನಿಯಮಗಳ 11ನೆಯ ನಿಯಮ ಹೇಳುತ್ತದೆಯಾದ್ದರಿಂದ, ಉಳಿದ ಬಟ್ಟೆ ವ್ಯರ್ಥವಾದೀತೆಂಬ ಭಯವಿರಲಿಲ್ಲ.

ಮಾಸ್ಟರ್ ಅಳತೆ ತೆಗೆದ ರೀತಿಯನ್ನು ನಾನು ವಿವರವಾಗಿ ಹೇಳಬೇಕು. ಅವರು ಮಗನನ್ನು, “ಬಾ ಪುಟ್ಟ” ಎಂದು ಪರದೆಯ ಹಿಂದಕ್ಕೆ ಕರೆದುಕೊಂಡರು. ಒಂದು ಅಂಕಿಯನ್ನೂ ಬಾಯಲ್ಲಿ ಹೇಳಲಿಲ್ಲ, ಎಲ್ಲವನ್ನೂ ತಮ್ಮ ಪುಸ್ತಕದಲ್ಲಿ ಬರೆದುಕೊಂಡರು. ನಿಲ್ಲಿಸಿ ಅಳೆದ ಮೇಲೆ ಅವನನ್ನು ಸ್ಟೂಲಿನ ಮೇಲೆ ಕೂರಿಸಿ, ಸೊಂಟದಿಂದ ಸ್ಟೂಲಿನ ಹಲಗೆಯವರೆಗೆ ಪಕ್ಕದಲ್ಲಿ ಟೇಪು ಇಳಿಬಿಟ್ಟರು. ಸೀಟಿನ ಆಳ ಗೊತ್ತಾಗುವುದು ಕುಳಿತಾಗಲೇ ಎಂದರು. ಬಗ್ಗಿ ನೆಲ ಮುಟ್ಟು, ಕೈ ಮೇಲೆತ್ತು ಎಂದು ಹೇಳಿ, ಆಗ ಷರ್ಟು ಎಷ್ಟು ಮೇಲೇರುತ್ತದೆ ಎಂಬುದನ್ನೂ ನೋಡಿದರು. ಹೊಟ್ಟೆ ಮುಂದಿರುವ ಮಕ್ಕಳಿಗೆ ಷರ್ಟಿನ ಮುಂಭಾಗ ಎತ್ತಿದಂತಾಗಿ ಪ್ಯಾಂಟಿನಿಂದ ಹೊರಬರುತ್ತದೆ; ಅದಕ್ಕೆಂದು ಅವರು ಹಿಂಭಾಗಕ್ಕಿಂತ ಮುಂಭಾಗವನ್ನು ಒಂದು ಇಂಚು ಉದ್ದವಾಗಿ ಕತ್ತರಿಸುತ್ತಾರೆ. ಭುಜವನ್ನು ಮಾತ್ರ ಅವನ ವಯಸ್ಸಿಗೆ ತಕ್ಕಷ್ಟೇ ಇಟ್ಟರು. ಮೊದಲು ಕೊಂಡ 36ರ ಷರ್ಟಿನಲ್ಲಿ ಭುಜದ ಹೊಲಿಗೆ ತೋಳಿನ ಮೇಲೆ ಎರಡು ಇಂಚು ಇಳಿದು, ಅವನು ಅಪ್ಪನ ಅಂಗಿ ತೊಟ್ಟವನಂತೆ ಕಾಣುತ್ತಿದ್ದ. ಆ ಷರ್ಟುಗಳೂ ವ್ಯರ್ಥವಾಗಲಿಲ್ಲ: ಶಾಲೆಯ ಚಿಹ್ನೆಯಿದ್ದ ಜೇಬುಗಳನ್ನು ಬಿಚ್ಚಿ ಹೊಸದಕ್ಕೆ ಹೊಲಿದುಕೊಟ್ಟರು.

ಪ್ಯಾಂಟಿಗೆ 58 ಇಂಚು ಅಗಲದ ಬಟ್ಟೆ ಒಂದೂಕಾಲು ಮೀಟರ್ ಬೇಕಾಯಿತು. ಸೊಂಟದ ಹಿಂಭಾಗಕ್ಕೆ ಮಾತ್ರ ಎಲಾಸ್ಟಿಕ್ ಹಾಕಿ, ಮುಂಭಾಗವನ್ನು ಉಳಿದ ಹುಡುಗರ ಪ್ಯಾಂಟಿನಂತೆಯೇ ಹುಕ್ಕು, ಜಿಪ್ಪುಗಳೊಂದಿಗೆ ಸಪಾಟಾಗಿ ಇಟ್ಟಿದ್ದಾರೆ. ಹಿಂದಿನ ನಡುಹೊಲಿಗೆಯಲ್ಲಿ ಒಂದೂವರೆ ಇಂಚು, ಕಾಲಿನ ಮಡಿಕೆಯಲ್ಲಿ ಮೂರು ಇಂಚು ಬಟ್ಟೆಯನ್ನು ಬಿಡಿಸಲೆಂದು ಒಳಗೆ ಬಿಟ್ಟಿದ್ದಾರೆ. ಬಟ್ಟೆ 350, ಕೂಲಿ 450, ಒಟ್ಟು 800 ರೂಪಾಯಿ. ಮೊದಲಿನ ಪ್ಯಾಂಟಿಗೆ ಆಲ್ಟ್ರೇಷನ್ ಸೇರಿ 760 ಆಗಿತ್ತೆಂಬುದನ್ನು ನೆನೆದರೆ ಇದನ್ನು ದುಬಾರಿ ಎನ್ನಲಾರೆ. ಷರ್ಟಿಗೆ ಮಾತ್ರ ಹೆಚ್ಚೇ ಆಯಿತು. ಚೌಕಳಿಯ ಗೆರೆಗಳನ್ನು ಜೋಡಿಸಬೇಕಾದ್ದರಿಂದ ಬಟ್ಟೆ ಹೆಚ್ಚು ಬೇಕು, ಕೂಲಿಯೂ ಹೆಚ್ಚು.

ಬೆಲ್ಟಿನ ವಿಷಯವನ್ನು ಯಾರೂ ಮೊದಲೇ ಹೇಳಲಿಲ್ಲ. ಶಾಲೆಯ ಬಕಲ್ಲಿನ ಬೆಲ್ಟು ಅವನ ಸೊಂಟಕ್ಕೆ ಎರಡು ಬೆರಳು ಸಾಲಲಿಲ್ಲ. ಚಿಕ್ಕ ಗಡಿಯಾರದ ಬಳಿ ಚಪ್ಪಲಿ ಹೊಲಿಯುವವರೊಬ್ಬರು ಎರಡು ಬೆಲ್ಟುಗಳನ್ನು ಸೇರಿಸಿ, ಜೋಡಣೆ ಬೆನ್ನಿನ ಕಡೆ ಪಟ್ಟಿಯೊಳಗೆ ಅಡಗುವಂತೆ ಹೊಲಿದುಕೊಟ್ಟರು. ಅದು ಈಗಲೂ ಗಟ್ಟಿಯಾಗಿದೆ.

ಮಂಡ್ಯದಲ್ಲಿರುವ ನನ್ನ ಅಕ್ಕನ ಮಗಳದು ಇದಕ್ಕೆ ತದ್ವಿರುದ್ಧವಾದ ಮೈ. ಏಳನೆಯ ತರಗತಿ, ಐದಡಿ ಐದಂಗುಲ ಎತ್ತರ, ಸೊಂಟ 23. ನೆರಿಗೆಯ ಲಂಗವನ್ನು ಉದ್ದ ನೋಡಿ ಕೊಳ್ಳುವುದರಿಂದ ಅವಳಿಗೆ ಸಿಕ್ಕದ್ದು 30ರ ಸೊಂಟದ್ದು. ಊರಿನ ದರ್ಜಿ ಎರಡೂ ಪಕ್ಕದಲ್ಲಿ ಹಿಡಿದು ಹೊಲಿದಿದ್ದರಿಂದ ನೆರಿಗೆಗಳೆಲ್ಲ ಸೊಂಟದ ಮೇಲೆ ಒಂದರ ಮೇಲೊಂದು ಬಿದ್ದು ಗಂಟು ಕಟ್ಟಿದಂತಿದ್ದವು. ಅಕ್ಕ ಅದನ್ನು ಬಸ್ಸಿನಲ್ಲಿ ಹೊತ್ತು ತಂದಳು. ಮಾಸ್ಟರ್ ಪಟ್ಟಿಯನ್ನು ಪೂರ್ತಿ ಬಿಚ್ಚಿ, ಪ್ರತಿ ನೆರಿಗೆಯನ್ನೂ ಮೇಲ್ಭಾಗದಲ್ಲಿ ಸ್ವಲ್ಪ ಸ್ವಲ್ಪವೇ ಹೆಚ್ಚು ಒಳಕ್ಕೆ ಮಡಿಚಿ, ಹೊಸದಾಗಿ ಪಟ್ಟಿ ಕೂರಿಸಿದರು. ಅರ್ಧ ದಿನದ ಕೆಲಸ, 200 ರೂಪಾಯಿ ಕೇಳಿದರು. ಅಕ್ಕ ಚೌಕಾಸಿ ಮಾಡಲು ಬಾಯಿ ತೆರೆದವಳು ನನ್ನ ಮುಖ ನೋಡಿ ಸುಮ್ಮನಾದಳು.

ಈ ಅಂಗಡಿಯಲ್ಲಿ ಕೊರತೆಗಳಿಲ್ಲವೆಂದಲ್ಲ. ಹೇಳಿದ ದಿನಕ್ಕೆ ಕೊಡುವುದು ಅವರಿಗೆ ಅಭ್ಯಾಸವಿಲ್ಲ, ನಮ್ಮದು ಒಂಬತ್ತು ದಿನ ತಡವಾಯಿತು. ವಿದ್ಯಾವಿಕಾಸ ಯೋಜನೆಯಲ್ಲಿ ಸರ್ಕಾರಿ ಶಾಲೆಯ ಮಕ್ಕಳಿಗೆ ಕೊಟ್ಟ ಬಟ್ಟೆಯನ್ನು ಹೊಲಿಸಲು ಬಂದವರದು ಮೊದಲು, ಅವರಿಗೆ ಬೇರೆ ಜೊತೆ ಇರುವುದಿಲ್ಲ ಎಂದರು. ಅದಕ್ಕೆ ಎದುರಾಡಲಾರದೆ ಬಂದೆ. ಹಾಕಿದ ಜಿಪ್ಪು ಅಗ್ಗದ್ದು, ಆಗಸ್ಟಿನಲ್ಲಿ ಕೆಟ್ಟಿತು. ಹಣ ತೆಗೆದುಕೊಳ್ಳದೆ ಬದಲಾಯಿಸಿದರಾದರೂ ಒಳ್ಳೆಯ ಜಿಪ್ಪನ್ನು ನಾವೇ ತಂದುಕೊಡುವುದು ಲೇಸು. ಫೋನಿನಲ್ಲಿ ಸಿಗುವುದಿಲ್ಲ, ರಸೀದಿ ಕೊಡುವುದಿಲ್ಲ. ಪುಸ್ತಕದಲ್ಲಿ ಮಾತ್ರ ಎಲ್ಲವೂ ಇರುತ್ತದೆ.

ನವೆಂಬರಿನಲ್ಲಿ ಸೊಂಟವನ್ನು ಒಂದು ಇಂಚು ಬಿಡಿಸಿಕೊಂಡು ಬರಲು ಮಗ ಒಬ್ಬನೇ ಹೋಗಿದ್ದ. ಹಳೆಯ ಹೊಲಿಗೆಯ ಗುರುತು ಇಸ್ತ್ರಿಯ ನಂತರವೂ ತೆಳುವಾಗಿ ಕಾಣುತ್ತದೆ, ಬೆಲ್ಟು ಅದರ ಮೇಲ್ಭಾಗವನ್ನಷ್ಟೇ ಮುಚ್ಚುತ್ತದೆ. ಮಾಸ್ಟರ್ ಮೂವತ್ತು ರೂಪಾಯಿ ತೆಗೆದುಕೊಂಡು, ಮುಂದಿನ ವರ್ಷದ ಬಟ್ಟೆಯನ್ನು ಪರೀಕ್ಷೆ ಮುಗಿದ ವಾರವೇ ತರಬೇಕು, ಮೇ 10ರ ಮೇಲೆ ತಂದರೆ ಮುಟ್ಟುವುದಿಲ್ಲ ಎಂದು ಹೇಳಿ ಕಳಿಸಿದ್ದಾರೆ.