ಆನ್‌ಲೈನ್ ಸ್ನಾತಕೋತ್ತರ ಪದವಿ: ಸಂದರ್ಶನದ ಕೊಠಡಿಯಲ್ಲಿ ಅದಕ್ಕೆಷ್ಟು ಬೆಲೆ?

ಕೆಲಸದಲ್ಲಿದ್ದುಕೊಂಡೇ ಎರಡು ವರ್ಷ ಓದಿ ಮುಗಿಸಿದ ದತ್ತಾಂಶ ವಿಜ್ಞಾನದ ಆನ್‌ಲೈನ್ ಸ್ನಾತಕೋತ್ತರ ಪದವಿಯನ್ನು ಕುರಿತ ವಿಮರ್ಶೆ ಇದು. ಪಾಠ ಹೇಗಿತ್ತು, ವೀಡಿಯೊ ಹೇಗಿತ್ತು ಎಂದು ಹೇಳುವವರು ಬೇಕಾದಷ್ಟಿದ್ದಾರೆ. ಪದವಿ ಕೈಗೆ ಬಂದ ಮೇಲೆ ಉದ್ಯೋಗದಾತರು ಅದನ್ನು ಯಾವ ಕಣ್ಣಿನಿಂದ ನೋಡಿದರು ಎಂದು ಬರೆಯುವವರು ಕಡಿಮೆ. ಪಾಠಗಳು ಅಚ್ಚುಕಟ್ಟಾಗಿದ್ದವು, ಅಸೈನ್‌ಮೆಂಟುಗಳು ಬೆವರಿಳಿಸಿದವು ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ಸೇರುವಾಗ ನನಗಿದ್ದ ಅಳುಕು ಒಂದೇ: 'ಆನ್‌ಲೈನ್' ಎಂಬ ಪದ ಕಂಡೊಡನೆ ಅರ್ಜಿಯನ್ನು ಬದಿಗಿಡುತ್ತಾರೇನೋ ಎಂಬುದು. ನಾನು ಹಾಜರಾದ ಆರು ಸಂದರ್ಶನಗಳ ಪೈಕಿ ನಾಲ್ಕರಲ್ಲಿ ಅದೊಂದು ಅಡ್ಡಿಯೇ ಆಗಲಿಲ್ಲ. ವಿಶ್ವವಿದ್ಯಾಲಯಕ್ಕೆ ಮಾನ್ಯತೆ ಇದೆಯೇ, ಅದೇ ಸಂಸ್ಥೆ ಕ್ಯಾಂಪಸ್ಸಿನಲ್ಲೂ ಈ ಪದವಿಯನ್ನು ನೀಡುತ್ತದೆಯೇ ಎಂದು ಕೇಳಿ, ಉತ್ತರ ಸಿಕ್ಕಿದೊಡನೆ ಅವರು ನೇರವಾಗಿ ನನ್ನ ಅಂತಿಮ ಪ್ರಾಜೆಕ್ಟಿಗೆ ಬಂದರು. ಐದನೆಯ ಕಡೆ ಹಿರಿಯ ವ್ಯವಸ್ಥಾಪಕರೊಬ್ಬರು ಅಂಕಪಟ್ಟಿಯನ್ನು ಬೆಳಕಿಗೆ ಹಿಡಿದು, ಕೆಳಗಿನ ಸಣ್ಣ ಅಕ್ಷರದ ಸಾಲನ್ನು ಓದಿ, "ಪರೀಕ್ಷೆಯನ್ನೂ ಮನೆಯಲ್ಲೇ ಕೂತು ಬರೆದಿರಾ?" ಎಂದು ಕೇಳಿದರು. ಗುರುತಿನ ಚೀಟಿಯನ್ನು ಕ್ಯಾಮೆರಾಕ್ಕೆ ತೋರಿಸಿ, ಲ್ಯಾಪ್‌ಟಾಪನ್ನು ಎತ್ತಿ ಕೋಣೆಯ ನಾಲ್ಕು ಗೋಡೆಗಳನ್ನೂ ಮೇಜಿನ ಕೆಳಭಾಗವನ್ನೂ ಒಮ್ಮೆ ಸುತ್ತಿಸಿ ತೋರಿಸಿದ ಮೇಲಷ್ಟೇ ಪ್ರಶ್ನೆಪತ್ರಿಕೆ ತೆರೆದುಕೊಳ್ಳುತ್ತಿತ್ತು ಎಂದು ನಾನು ವಿವರಿಸಿದೆ. ಅವರು ನಕ್ಕರೇ ಹೊರತು ಪೂರ್ತಿ ಒಪ್ಪಿದಂತೆ ಕಾಣಲಿಲ್ಲ. ನಿಜ ಹೇಳಬೇಕೆಂದರೆ ಅವರ ಅನುಮಾನದಲ್ಲಿ ತಪ್ಪೇನೂ ಇರಲಿಲ್ಲ. ಹಣ ಕೊಟ್ಟರೆ ಪದವಿಪತ್ರ ಕಳುಹಿಸುವ ನಕಲಿ ವಿಶ್ವವಿದ್ಯಾಲಯಗಳು ಇದೇ ಅಂತರ್ಜಾಲದಲ್ಲಿ ಅಂಗಡಿ ತೆರೆದಿರುವಾಗ, ಕೆಲಸ ಕೊಡುವವರು ಒಂದು ಪ್ರಶ್ನೆ ಹೆಚ್ಚಾಗಿಯೇ ಕೇಳಬೇಕಾಗುತ್ತದೆ.

ಆ ಸಣ್ಣ ಅಕ್ಷರದ ಸಾಲಿನ ವಿಷಯವನ್ನು ಸೇರುವವರು ಮೊದಲೇ ವಿಚಾರಿಸಿಕೊಳ್ಳಬೇಕು. ಅಮೆರಿಕದ ಜಾರ್ಜಿಯಾ ಟೆಕ್ 2014ರಲ್ಲಿ ಕಂಪ್ಯೂಟರ್ ವಿಜ್ಞಾನದ ಸ್ನಾತಕೋತ್ತರ ಪದವಿಯನ್ನು ಆನ್‌ಲೈನಿನಲ್ಲಿ ಆರಂಭಿಸಿದಾಗ, ತರಗತಿಯಲ್ಲಿ ಕೂತು ಓದಿದವರಿಗೆ ಕೊಡುವ ಪದವಿಯನ್ನೇ ಇವರಿಗೂ ಕೊಟ್ಟಿತು. ಪದವಿಯ ಹೆಸರಿನಲ್ಲಿ 'ಆನ್‌ಲೈನ್' ಎಂಬ ಮಾತನ್ನು ಸೇರಿಸಲಿಲ್ಲ. ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾಲಯವಂತೂ 1971ರಿಂದ ದೂರದಲ್ಲಿದ್ದುಕೊಂಡೇ ಓದುವವರಿಗೆ ಪಾಠ ಹೇಳುತ್ತಿದೆ. ನನ್ನ ವಿಶ್ವವಿದ್ಯಾಲಯವು ಪದವಿಪತ್ರದಲ್ಲಿ ಏನನ್ನೂ ಬರೆಯದೆ ಅಂಕಪಟ್ಟಿಯಲ್ಲಿ ಮಾತ್ರ ಕಲಿಕೆಯ ವಿಧಾನವನ್ನು ನಮೂದಿಸುತ್ತದೆ. ಮುಚ್ಚಿಡುವುದು ಬೇಡವೆಂದು ನಾನು ಆರನೆಯ ಸಂದರ್ಶನದಲ್ಲಿ ಅದನ್ನು ನಾನಾಗಿಯೇ ಹೇಳಿದೆ. ಹಗಲು ಕೆಲಸ, ರಾತ್ರಿ ಓದು ಎಂದು ಎರಡು ವರ್ಷ ನಡೆಸಿದ್ದನ್ನು ಅವರು ಪದವಿಗಿಂತ ಹೆಚ್ಚು ಆಸಕ್ತಿಯಿಂದ ಕೇಳಿಸಿಕೊಂಡರು. ಕೆಲಸ ಸಿಕ್ಕಿದ್ದೂ ಅಲ್ಲಿಯೇ.

ಸಿಕ್ಕಿದ ಕೆಲಸ ಬಹುತೇಕ ಕೈತಪ್ಪಿದ್ದು ಮಾತ್ರ ವಿಶ್ವವಿದ್ಯಾಲಯದಿಂದಲೇ. ಆಫರ್ ಲೆಟರ್ ಬಂದ ನಂತರ ಪದವಿಯ ಸತ್ಯಾಸತ್ಯತೆಯನ್ನು ಪರಿಶೀಲಿಸುವ ಸಂಸ್ಥೆಯು ಪರೀಕ್ಷಾ ವಿಭಾಗಕ್ಕೆ ಪತ್ರ ಬರೆಯಿತು. ಮೂರು ವಾರ ಉತ್ತರವಿಲ್ಲ. ದೂರವಾಣಿ ಮಾಡಿದರೆ ಆನ್‌ಲೈನ್ ವಿಭಾಗದವರು ಪರೀಕ್ಷಾ ವಿಭಾಗವನ್ನು ಕೇಳಿ ಎಂದರು, ಪರೀಕ್ಷಾ ವಿಭಾಗದವರು ನಿಮ್ಮ ದಾಖಲೆ ಆನ್‌ಲೈನ್ ವಿಭಾಗದಲ್ಲಿದೆ ಎಂದರು. ಕ್ಯಾಂಪಸ್ಸಿನ ವಿದ್ಯಾರ್ಥಿಯಾಗಿದ್ದರೆ ಕಚೇರಿಯ ಕಿಟಕಿಯ ಮುಂದೆ ನಿಂತು ಜಗಳವಾಡಬಹುದಿತ್ತು. ನಾನು ಮಿಂಚಂಚೆಯಲ್ಲಿ ಗೋಗರೆಯಬೇಕಾಯಿತು. ಸೇರುವ ದಿನವನ್ನು ಕಂಪನಿಯವರು ಎರಡು ಬಾರಿ ಮುಂದೂಡಿದರು, ಅದು ಅವರ ದೊಡ್ಡತನ. ಆನ್‌ಲೈನ್ ಪದವಿಯ ಬಗ್ಗೆ ಅವರಿಗೆ ಪೂರ್ವಗ್ರಹವೇನೂ ಇರಲಿಲ್ಲ, ಆದರೆ ಉತ್ತರ ಬಾರದ ಪತ್ರವೊಂದು ಪೂರ್ವಗ್ರಹವನ್ನು ಹುಟ್ಟಿಸಬಲ್ಲದು.

ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿದ್ದ 'ಉದ್ಯೋಗ ನೆರವು' ಎಂಬುದು ಉದ್ಯೋಗ ತಾಣಗಳ ಕೊಂಡಿಗಳ ಒಂದು ಪಟ್ಟಿಯಾಗಿತ್ತು. ಅದರ ಬಗ್ಗೆ ಇಷ್ಟು ಸಾಕು.

ಕಲಿಕೆಗೆ ಐದರಲ್ಲಿ ನಾಲ್ಕೂವರೆ ಅಂಕ, ಸಂದರ್ಶನದಲ್ಲಿ ಸಿಕ್ಕ ಮರ್ಯಾದೆಗೆ ನಾಲ್ಕು, ಕಚೇರಿಯ ಸ್ಪಂದನೆಗೆ ಒಂದು. ಯಾವುದೇ ಆನ್‌ಲೈನ್ ಪದವಿಗೆ ಶುಲ್ಕ ಕಟ್ಟುವ ಮುನ್ನ, ಹಳೆಯ ವಿದ್ಯಾರ್ಥಿಯ ಪದವಿ ಪರಿಶೀಲನೆಗೆ ಏನು ಮಾಡಬೇಕೆಂದು ಆ ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗಕ್ಕೆ ಒಂದು ಪತ್ರ ಬರೆದು, ಉತ್ತರ ಬರಲು ಎಷ್ಟು ದಿನ ಹಿಡಿಯುತ್ತದೆ ಎಂದು ಎಣಿಸಿ ನೋಡಿ.